ಡಬ್ಬಿ ತುಂಬಾ ವಾಚು, ಕೈಯಲ್ಲಿ ಕಾಸಿಲ್ಲ: ಮೊದಲು ಯಾವುದನ್ನು ಮಾರಬೇಕು?

ತುಮಕೂರು: ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನಮ್ಮನೆ ನಡುಮನೆಯಲ್ಲಿ ಹಳೇ ಪೇಪರ್ ಹಾಸಿ, ಅದರ ಮೇಲೆ 27 ವಾಚುಗಳನ್ನು ಸಾಲಾಗಿ ಜೋಡಿಸಿಟ್ಟೆ. ಅಷ್ಟೂ ನಮ್ಮವೇ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, ‘ಏನೋ ಇದು, ಸಂತೆ ಹಾಕ್ಕೊಂಡಿದೀಯ’ ಅಂದರು.

ನಿಜಕ್ಕೂ ಅದು ಸಂತೆಗೆ ಮುಂಚಿನ ತಯಾರಿಯೇ. ತಂಗಿ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಫೀಸು, ಹಾಸ್ಟೆಲ್ ಬಾಕಿ ಎರಡೂ ಸೇರಿ 26,000 ರೂಪಾಯಿ ಕಟ್ಟಬೇಕಿತ್ತು. ಇದ್ದಿದ್ದು 20 ದಿನ. ನನ್ನಂಥ ಬಿಡಿ ವರದಿಗಾರನ ಕೈಗೆ ತಿಂಗಳಿಗೆ ಎಷ್ಟು ಬರುತ್ತದೆ ಅಂತ ಈ ಕಸುಬಿನಲ್ಲಿರುವವರಿಗೆ ಗೊತ್ತು. ಬಡ್ಡಿಗೆ ತಂದರೆ ತೀರಿಸೋದು ಯಾವಾಗ? ಒಡವೆ ಅನ್ನೋದು ಮನೆಯಲ್ಲಿ ಉಳಿದಿಲ್ಲ. ಇದ್ದಿದ್ದು ವಾಚುಗಳು ಮಾತ್ರ.

ಮಾರೋದು ಅಂತ ತೀರ್ಮಾನ ಆಯಿತು. ಆದರೆ ಮೊದಲು ಯಾವುದು? ಅಲ್ಲೇ ನಾನು ಎರಡು ದಿನ ಕಳೆದೆ. ಆ ಎರಡು ದಿನ, ಆಮೇಲಿನ ಎರಡು ವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಯಾಕೆಂದರೆ ನಮ್ಮೂರಲ್ಲಿ ಇಂಥ ಡಬ್ಬಿ ಇರುವ ಮನೆ ನಮ್ಮದೊಂದೇ ಅಲ್ಲ.

ನಮ್ಮೂರಲ್ಲಿ ಇಷ್ಟು ವಾಚು ಯಾಕೆ?

ಇದಕ್ಕೆ ಉತ್ತರ ತುಮಕೂರಿನವರಿಗೆ ಹೇಳಬೇಕಾಗಿಲ್ಲ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಶುರುಮಾಡಿತು. 1978ರಲ್ಲಿ ತುಮಕೂರಿಗೂ ವಾಚ್ ಫ್ಯಾಕ್ಟರಿ ಬಂತು. ಊರಿನ ಸಾವಿರಾರು ಮನೆಗಳ ಒಲೆ ಅದರ ಸಂಬಳದಲ್ಲಿ ಉರಿದಿದೆ. 1984ರಲ್ಲಿ ಟೈಟಾನ್ ಶುರುವಾಗಿ, ಸೆಲ್ ಹಾಕುವ ಕ್ವಾರ್ಟ್ಜ್ ವಾಚು ಮನೆಮಾತಾದ ಮೇಲೆ ಕೀ ಕೊಡುವ ವಾಚಿಗೆ ಬೇಡಿಕೆ ಇಳಿಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಇಲ್ಲಿನ ಫ್ಯಾಕ್ಟರಿ ಜಾಗ ಆಮೇಲೆ ಇಸ್ರೊಗೆ ಹೋಯಿತು.

ಅಪ್ಪ ಆ ಫ್ಯಾಕ್ಟರಿಯಲ್ಲಿ ಅಸೆಂಬ್ಲಿ ವಿಭಾಗದಲ್ಲಿದ್ದರು. 2016ರಲ್ಲಿ ವಿಆರ್‌ಎಸ್ ತಗೊಂಡು ಮನೆಗೆ ಬಂದರು. ಮೂರು ವರ್ಷಕ್ಕೆ ಲಕ್ವ ಹೊಡೆಯಿತು. ನಾನು ಬಿ.ಕಾಂ ಎರಡನೇ ವರ್ಷಕ್ಕೇ ಬಿಟ್ಟೆ. ಅವರು ತೀರಿಕೊಂಡಾಗ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ 9 ವಾಚು ಬಿಟ್ಟುಹೋಗಿದ್ದರು. ನನಗೂ ಅದೇ ಹುಚ್ಚು ಹತ್ತಿ, ಐದು ವರ್ಷದಲ್ಲಿ 14 ವಾಚು ಕೊಂಡೆ. ಇದರ ಮೇಲೆ ಗುಜರಿಯಿಂದ ತಂದ, ಓಡದೇ ಇರುವ 4. ಒಟ್ಟು 27.

ಮೊದಲ ಕೆಲಸ: ಪಟ್ಟಿ ಬರೆಯೋದು

ಯಾವುದು ಮಾರಬೇಕು ಅಂತ ವಾಚು ನೋಡುತ್ತಾ ಯೋಚನೆ ಮಾಡಬೇಡಿ. ವಾಚು ಕೈಗೆ ತಗೊಂಡ ಕೂಡಲೇ ಒಂದೊಂದಕ್ಕೂ ಒಂದೊಂದು ಕತೆ ನೆನಪಾಗುತ್ತದೆ, ವಾಪಸ್ ಡಬ್ಬಿಗೆ ಹೋಗುತ್ತದೆ. ನನಗೆ ಮೊದಲ ದಿನ ಆಗಿದ್ದೇ ಇದು. ಸಂಜೆ ಹೊತ್ತಿಗೆ ಮಾರೋ ಕಡೆ ಇದ್ದಿದ್ದು ಓಡದ ನಾಲ್ಕು ಮಾತ್ರ.

ಎರಡನೇ ದಿನ ತಂಗಿಯ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೂತೆ. ಒಂದೊಂದು ವಾಚಿಗೂ ಐದು ವಿಷಯ ಬರೆದೆ:

1. ಯಾವ ಕಂಪನಿ, ಯಾವ ಮಾಡೆಲ್, ಕೀ ಕೊಡುವುದೋ, ಆಟೊಮ್ಯಾಟಿಕ್ಕೋ, ಸೆಲ್ ಹಾಕುವುದೋ.
2. ಓಡುತ್ತದೆಯೋ ಇಲ್ಲವೋ. ಓಡಿದರೆ ದಿನಕ್ಕೆ ಎಷ್ಟು ಮುಂದೆ, ಎಷ್ಟು ಹಿಂದೆ.
3. ಎಷ್ಟಕ್ಕೆ ಕೊಂಡಿದ್ದು, ಈಗ ಎಷ್ಟಕ್ಕೆ ಹೋಗುತ್ತದೆ.
4. ಬಿಲ್ಲು, ಡಬ್ಬಿ ಇದೆಯೋ.
5. ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಕೈಗೆ ಕಟ್ಟಿದ್ದೇನೆ.

ಐದನೆಯದು ಬರೆಯುವಾಗ ಸ್ವಲ್ಪ ನಾಚಿಕೆ ಆಯಿತು. 27ರಲ್ಲಿ ನಾನು ಕಟ್ಟುತ್ತಿದ್ದದ್ದು ನಾಲ್ಕು. ಉಳಿದವು ಸುಮ್ಮನೆ ಮಲಗಿದ್ದವು.

ಮೂರನೆಯ ಸಾಲಿನ ಬಗ್ಗೆ ಒಂದು ಮಾತು. ಆನ್‌ಲೈನ್‌ನಲ್ಲಿ ಯಾರೋ ಒಬ್ಬ ಜನತಾ ವಾಚಿಗೆ 9,000 ಅಂತ ಹಾಕಿರುತ್ತಾನೆ. ಅದನ್ನು ನೋಡಿ ನಮ್ಮ ಹತ್ತಿರ ಮೂರಿವೆ, 27,000 ಆಯಿತು ಅಂತ ಲೆಕ್ಕ ಹಾಕಬಾರದು. ಅದು ಅವನು ಕೇಳಿದ ರೇಟು, ಯಾರೂ ಕೊಟ್ಟ ರೇಟಲ್ಲ. ನಿಜವಾಗಿ ಎಷ್ಟಕ್ಕೆ ಮಾರಾಟ ಆಯಿತು ಅನ್ನೋದು ಮುಖ್ಯ. ಅದಕ್ಕೆ ವಾಚ್ ಕೊಳ್ಳುವ ಇಬ್ಬರು ಮೂವರನ್ನು ಕೇಳಿ, ಒಂದು ಅಂಗಡಿಯಲ್ಲಿ ವಿಚಾರಿಸಿ, ನಡುವಿನ ಸಂಖ್ಯೆ ಹಿಡಿಯಬೇಕು.

‘ಫ್ಯಾಕ್ಟರಿ ಮುಚ್ಚಿದೆ, ಎಚ್‌ಎಂಟಿ ಎಲ್ಲಾ ಚಿನ್ನದ ರೇಟು’ ಅನ್ನೋ ಮಾತೂ ಪೂರ್ತಿ ನಿಜ ಅಲ್ಲ. ಎಚ್‌ಎಂಟಿ ಮಾಡಿದ್ದು ಕೋಟಿಗಟ್ಟಲೆ ವಾಚು. ಜನತಾ ವಾಚು ಊರೂರಲ್ಲಿ ಸಿಗುತ್ತದೆ. ಒಳ್ಳೆ ರೇಟು ಬರೋದು ಎರಡಕ್ಕೆ: ಬಳಸದೇ ಉಳಿದ ಹಳೇ ಸ್ಟಾಕು, ಮತ್ತೆ ಡಯಲ್ಲು, ಮುಳ್ಳು, ಮಷಿನ್ ಎಲ್ಲಾ ಫ್ಯಾಕ್ಟರಿಯದ್ದೇ ಇರುವ ಪೀಸು.

ಇನ್ನೊಂದು ತಪ್ಪು ತಿಳಿವಳಿಕೆ ‘17 ಜುವೆಲ್ಸ್’ ಅನ್ನೋದರ ಬಗ್ಗೆ. ನಮ್ಮ ಪಕ್ಕದ ಮನೆಯವರು ಅದನ್ನು ಓದಿ, ‘ಒಳಗೆ ಹರಳೈತಂತೆ, ಕಮ್ಮಿಗೆ ಕೊಡಬ್ಯಾಡ’ ಅಂದರು. ಹರಳು ಇರೋದು ನಿಜ. ಆದರೆ ಅದು ಕೃತಕ ಮಾಣಿಕ್ಯ. ಚಕ್ರಗಳು ತಿರುಗುವ ಜಾಗದಲ್ಲಿ ಸವೆಯಬಾರದು ಅಂತ ಕೂರಿಸಿರುತ್ತಾರೆ. ತೆಗೆದು ಮಾರಿದರೆ ಚಹಾಕ್ಕೂ ಆಗಲ್ಲ. ಹಾಗೇ ಸೋನಾ, ಕಾಂಚನ್ ಅನ್ನೋ ಹೆಸರಿದ್ದರೂ ಮೇಲಿರೋದು ಬರೀ ಚಿನ್ನದ ಲೇಪ.

ಯಾವುದು ಮೊದಲು? ಮೂರು ಪ್ರಶ್ನೆ

ಪಟ್ಟಿ ಆದ ಮೇಲೆ ಬಿ.ಎಚ್. ರಸ್ತೆ ಕಡೆಯ ಒಬ್ಬರು ವಾಚ್ ರಿಪೇರಿಯವರ ಹತ್ತಿರ ಹೋದೆ. ಅಪ್ಪನ ಕಾಲದಿಂದ ಪರಿಚಯ. ಅವರು ಪಟ್ಟಿ ನೋಡಿ ಕೇಳಿದ ಮೊದಲ ಪ್ರಶ್ನೆ ರೇಟಿನದ್ದಲ್ಲ. ‘ಇವುಗಳಲ್ಲಿ ಯಾವುದನ್ನ ಮಾರಿದ್ರೆ, ನಾಳೆ ದುಡ್ಡು ಬಂದಾಗ ಮತ್ತೆ ತಗೋಬೋದು ಕಣಪ್ಪ? ಅದಕ್ಕೆ ಒಂದು ಟಿಕ್ಕು ಹಾಕು.’

ನನಗೆ ಈ ಇಡೀ ವಿಷಯದಲ್ಲಿ ಸಿಕ್ಕಿದ ಒಳ್ಳೆ ಬುದ್ಧಿ ಅಂದರೆ ಇದೇ. ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತೇವೆ. ಒಂದೋ, ಕೆಟ್ಟು ಹೋದದ್ದನ್ನು ಮೊದಲು ಮಾರಲು ಹೋಗುತ್ತೇವೆ. ಅದಕ್ಕೆ ಗಿರಾಕಿ ಸಿಗಲ್ಲ, ದಿನ ಮಾತ್ರ ಕಳೆಯುತ್ತದೆ. ಇಲ್ಲವೇ, ದುಡ್ಡಿನ ಅವಸರಕ್ಕೆ ಎಲ್ಲಕ್ಕಿಂತ ಬೆಲೆಯದ್ದನ್ನು ಮೊದಲು ಕೊಡುತ್ತೇವೆ. ಆಮೇಲೆ ಅಂಥದ್ದು ಮತ್ತೆ ಸಿಗಲ್ಲ.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು.

ಒಂದು, ಇದು ಮತ್ತೆ ಸಿಗುತ್ತದಾ? ನನ್ನ ಸೈಕೊ 5 ಆಟೊಮ್ಯಾಟಿಕ್, ಕ್ಯಾಸಿಯೊ ಜಿ-ಶಾಕ್, ಟೈಟಾನ್ ಎಡ್ಜ್ ಈ ಮೂರೂ ಇವತ್ತು ಮಾರಿದರೂ ಮುಂದೊಂದು ದಿನ ಇಂಥದ್ದೇ ಇನ್ನೊಂದು ಕೊಳ್ಳಬಹುದು. ಕೊಳ್ಳುವವರೂ ಜಾಸ್ತಿ, ಹಾಗಾಗಿ ಬೇಗ ದುಡ್ಡಾಗುತ್ತದೆ. ಇವಕ್ಕೆ ಟಿಕ್ಕು.

ಎರಡು, ಇದರ ಜೋಡಿ ಇನ್ನೊಂದು ಇದೆಯಾ? ನಾನು ಕೊಂಡ ಜನತಾ ಎರಡಿದ್ದವು, ಅಪ್ಪನದ್ದು ಬೇರೆ ಒಂದು. ಮೂರೂ ಒಂದೇ ಥರ, ಬಿಳಿ ಡಯಲ್ಲು, ಒಳಗೆ 0231 ಮಷಿನ್, 17 ಜುವೆಲ್. ಒಂದು ಮನೆಗೆ ಒಂದು ಜನತಾ ಸಾಕು. ನಾನು ಕೊಂಡ ಎರಡಕ್ಕೂ ಟಿಕ್ಕು. ಸೋನಾ ಕೂಡ ಅಪ್ಪನದ್ದೊಂದು, ನನ್ನದೊಂದು. ನನ್ನದಕ್ಕೆ ಟಿಕ್ಕು.

ಮೂರು, ಇಟ್ಟುಕೊಳ್ಳೋಕೆ ಎಷ್ಟು ಖರ್ಚು? ವಾಚು ಇಟ್ಟರೆ ಅನ್ನ ಕೇಳಲ್ಲ ಅಂತೀವಿ. ಕೀ ಕೊಡುವ ವಾಚಿನ ಒಳಗಿನ ಎಣ್ಣೆ ವರ್ಷಗಳು ಕಳೆದಂತೆ ಒಣಗುತ್ತದೆ. ಮೂರರಿಂದ ಐದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಒಣಗಿದ್ದನ್ನು ಹಾಗೇ ಓಡಿಸಿದರೆ ಚಕ್ರದ ಮೊನೆ ಸವೆಯುತ್ತದೆ. ನನಗೆ ಒಂದು ವಾಚಿಗೆ 500 ರೂಪಾಯಿ ಹೇಳಿದರು. ಅಷ್ಟಕ್ಕೂ ಮಾಡಿಸೋದು ಅಂದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಸರ್ವೀಸ್ ಮಾಡಿಸೋಕೆ ಆಗಲ್ಲ ಅಂತ ಗೊತ್ತಿರುವ ವಾಚನ್ನು ಮಾಡಿಸುವವರಿಗೆ ಕೊಡೋದೇ ವಾಸಿ.

ಪೈಲಟ್ ಅಂತ ನಂಬಿದ್ದು

ಪಟ್ಟಿಯಲ್ಲಿ ನಾನು ‘ಎಷ್ಟೇ ಕಷ್ಟ ಬಂದರೂ ಮಾರಲ್ಲ’ ಅಂತ ಬರೆದಿದ್ದ ವಾಚೊಂದಿತ್ತು. ಕಪ್ಪು ಡಯಲ್ಲಿನ ಎಚ್‌ಎಂಟಿ ಪೈಲಟ್. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಬ್ಬರಿಂದ 3,200 ಕೊಟ್ಟು ಕೊಂಡಿದ್ದೆ. ಅಪ್ಪನ ಡಬ್ಬಿಯಲ್ಲೂ ಒಂದು ಪೈಲಟ್ ಇತ್ತು, ಆದರೆ ಅದರ ಡಯಲ್ಲು ಮಾಸಿ, ಅಂಚಿನಲ್ಲಿ ಕಲೆ ಬಿದ್ದಿತ್ತು. ನನ್ನದು ಫಳಫಳ.

ರಿಪೇರಿಯವರು ಎರಡನ್ನೂ ಪಕ್ಕ ಪಕ್ಕ ಇಟ್ಟು, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿದರು. ಆಮೇಲೆ ಗಾಜನ್ನು ನನ್ನ ಕೈಗೇ ಕೊಟ್ಟು, ‘ನೀನೇ ನೋಡು’ ಅಂದರು.

ಅಪ್ಪನ ಪೈಲಟ್‌ನಲ್ಲಿ ಅಕ್ಷರಗಳು ಕೂದಲಿನಷ್ಟು ಸಣ್ಣ, ಅಂಚು ಚೂಪು. ನನ್ನದರಲ್ಲಿ ಅಕ್ಷರ ದಪ್ಪ, ಒಂದೆರಡು ಕಡೆ ಬಣ್ಣ ಹರಡಿತ್ತು. ನಿಮಿಷದ ಗೆರೆಗಳು ಅಂಕಿಗೆ ಸರಿಯಾಗಿ ಕೂತಿರಲಿಲ್ಲ. ಅಂದರೆ ಹಳೇ ಡಯಲ್ಲನ್ನು ಉಜ್ಜಿ ಹೊಸದಾಗಿ ಬಣ್ಣ ಹೊಡೆದು, ಪೈಲಟ್ ಅಂತ ಪ್ರಿಂಟ್ ಹಾಕಿದ್ದರು. ಇದಕ್ಕೆ ರೀಡಯಲ್ ಅಂತಾರೆ. ಮಾರ್ಕೆಟ್ಟಿನಲ್ಲಿ ಓಡಾಡುವ ಎಚ್‌ಎಂಟಿಗಳಲ್ಲಿ ಇಂಥವು ಬೇಕಾದಷ್ಟಿವೆ.

ನೀವೂ ಮನೆಯಲ್ಲೇ ಪರೀಕ್ಷೆ ಮಾಡಬಹುದು:

• ಮೊಬೈಲ್ ಕ್ಯಾಮೆರಾದಲ್ಲಿ ಡಯಲ್ಲನ್ನು ಜೂಮ್ ಮಾಡಿ ಫೋಟೊ ತೆಗೆಯಿರಿ. ಅಕ್ಷರ ದಪ್ಪ, ಸೊಟ್ಟ, ಹರಡಿದಂತಿದ್ದರೆ ಅನುಮಾನ.
• ಕೇಸು ಸವೆದು ಗೀರು ಬಿದ್ದಿದೆ, ಡಯಲ್ಲು ಮಾತ್ರ ನಿನ್ನೆ ಮಾಡಿದ ಹಾಗಿದೆ ಅಂದರೆ ಅನುಮಾನ.
• ಕೇಸರಿ, ಗಿಳಿಹಸಿರು, ಕಡುಗೆಂಪು ಥರದ ಕಣ್ಣು ಕುಕ್ಕುವ ಬಣ್ಣವಾದರೆ ಇನ್ನೂ ಜಾಸ್ತಿ ಅನುಮಾನ.
• ಡಯಲ್ ಮೇಲೆ ಆಟೊಮ್ಯಾಟಿಕ್ ಅಂತಿದ್ದು, ಹಿಂದಿನ ಮುಚ್ಚಳ ತೆಗೆಸಿದಾಗ ಒಳಗೆ ಕೀ ಕೊಡುವ ಮಷಿನ್ ಇದ್ದರೆ ಅನುಮಾನವೇ ಬೇಡ. ಬೇರೆ ಬೇರೆ ವಾಚಿನ ಭಾಗ ಸೇರಿಸಿದ್ದು.

ಮುಚ್ಚಳವನ್ನು ಮಾತ್ರ ಚಾಕು ಹಾಕಿ ನೀವೇ ಮೀಟಬೇಡಿ. ಕೇಸಿಗೆ ಬೀಳುವ ಒಂದು ಗೀರು ನೂರಾರು ರೂಪಾಯಿ ಕಳೆಯುತ್ತದೆ.

‘ಮಾರಲ್ಲ’ ಅಂದಿದ್ದ ಪೈಲಟ್ ಹೀಗೆ ಮಾರುವ ಸಾಲಿಗೆ ಬಂತು. ಮಾಸಿದ ಡಯಲ್ಲಿನ ಅಪ್ಪನ ಪೈಲಟ್ ಇಟ್ಟುಕೊಳ್ಳುವ ಸಾಲಿಗೆ ಹೋಯಿತು. ಎರಡರಲ್ಲಿ ಯಾವುದು ಚೆಂದ ಅಂತ ಈಗ ಕೇಳಿದರೂ ನನ್ನದೇ ಚೆಂದ ಅಂತೀನಿ. ಆದರೆ ಅದು ಸುಳ್ಳು ಹೇಳುತ್ತಿತ್ತು.

ಇಲ್ಲಿ ಒಂದು ಆಸೆಯೂ ಬಂತು. ನನಗೆ ಯಾರೋ ಟೋಪಿ ಹಾಕಿದರು, ನಾನೂ ಏನೂ ಹೇಳದೆ 3,000ಕ್ಕೆ ದಾಟಿಸಿದರೆ? ಕೊಳ್ಳುವವರಿಗೆ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ದುಡ್ಡಿನ ಅವಸರವೂ ಇತ್ತು. ಕೊನೆಗೆ ‘ರೀಡಯಲ್ ಪೀಸು’ ಅಂತಲೇ ಬರೆದು ಹಾಕಿದೆ. 900 ರೂಪಾಯಿಗೆ ಹೋಯಿತು. ಗೊತ್ತಿದ್ದು ದಾಟಿಸಿದ್ದರೆ ನನಗೆ ಮಾರಿದವನಿಗೂ ನನಗೂ ಏನು ವ್ಯತ್ಯಾಸ? ಇನ್ನೊಂದು ಲಾಭವೂ ಆಯಿತು. ಅದನ್ನು ಕೊಂಡವರೇ, ಇವನು ನಿಜ ಹೇಳ್ತಾನೆ ಅಂತ ಜನತಾ ಎರಡನ್ನೂ ಚೌಕಾಸಿ ಮಾಡದೆ ತಗೊಂಡರು.

ಮಾರೋಕೆ ಮುಂಚೆ ಏನು ಮಾಡಬೇಕು, ಏನು ಮಾಡಬಾರದು

ಪಾಲಿಶ್ ಮಾಡಿಸಬೇಡಿ. ಗೀರು ಹೋಗಲಿ ಅಂತ ಕೇಸನ್ನು ಉಜ್ಜಿಸಿದರೆ ಅಂಚುಗಳು ದುಂಡಗಾಗುತ್ತವೆ, ಲೇಪ ಇದ್ದರೆ ಕಿತ್ತುಹೋಗುತ್ತದೆ. ತಿಳಿದವರು ಅಂಥದ್ದನ್ನು ಕೊಳ್ಳಲ್ಲ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಡಿಮೆ ಬೆಲೆಯ ವಾಚಿಗೆ ಸರ್ವೀಸ್ ಮಾಡಿಸಿ ಮಾರುವುದೂ ನಷ್ಟ. 500 ಹಾಕಿದರೆ ರೇಟು 500 ಏರಲ್ಲ. ‘ಸರ್ವೀಸ್ ಆಗಿಲ್ಲ’ ಅಂತ ಹೇಳಿ ಮಾರಿ.

ಚೆನ್ನಾಗಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹತ್ತಾರು ನಿಮಿಷ ಮುಂದೆ ಓಡುತ್ತಿದ್ದರೆ ಕೆಟ್ಟಿದೆ ಅಂತ ಬೀಳುಬೆಲೆಗೆ ಕೊಡಬೇಡಿ. ಸ್ಪೀಕರ್, ಮೊಬೈಲ್ ಪಕ್ಕ ಇಟ್ಟು ಒಳಗಿನ ಸಣ್ಣ ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದಿರಬಹುದು. ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ಜೋರಾಗಿ ಓಡುತ್ತದೆ. ರಿಪೇರಿ ಅಂಗಡಿಯಲ್ಲಿ ಒಂದು ಸಣ್ಣ ಯಂತ್ರದ ಮೇಲೆ ಇಟ್ಟು ತೆಗೆದರೆ ಸರಿಹೋಗುತ್ತದೆ. ನನ್ನ ಸೈಕೊಗೆ ಆಗಿದ್ದು ಇದೇ.

ಸೆಲ್ ವಾಚು ನಿಂತುಹೋಗಿದ್ದರೆ ಸೆಲ್ ತೆಗೆಸಿಡಿ. ಒಳಗೇ ಬಿಟ್ಟರೆ ಸೋರಿ ಸರ್ಕ್ಯೂಟ್ ತಿಂದುಹಾಕುತ್ತದೆ. ಬಿಲ್ಲು, ಡಬ್ಬಿ, ಗ್ಯಾರಂಟಿ ಕಾರ್ಡು ಇದ್ದರೆ ಹುಡುಕಿ ಜೊತೆಗಿಡಿ. ಫೋಟೊವನ್ನು ಬಿಸಿಲು ನೇರ ಬೀಳದ ಕಿಟಕಿ ಪಕ್ಕ ತೆಗೆಯಿರಿ. ಡಯಲ್ಲು, ಹಿಂಭಾಗ, ಕೀ ಇರುವ ಬದಿ ಮೂರೂ ಇರಲಿ. ಗೀರು ಎಲ್ಲಿದೆಯೋ ಅದನ್ನೂ ತೋರಿಸಿ. ಆಮೇಲೆ ಜಗಳ ಇರಲ್ಲ.

ಎಲ್ಲಿ ಮಾರಿದರೆ ಎಷ್ಟು?

ಅಂಗಡಿಗೆ ಕೊಟ್ಟರೆ ದುಡ್ಡು ಆ ಕ್ಷಣಕ್ಕೆ ಬರುತ್ತದೆ, ಆದರೆ ಕಡಿಮೆ. ಅವರೂ ಸರ್ವೀಸ್ ಮಾಡಿ, ಇಟ್ಟುಕೊಂಡು, ಲಾಭ ಇಟ್ಟು ಮಾರಬೇಕಲ್ಲ. ಸೈಕೊಗೆ ಅಂಗಡಿಯಲ್ಲಿ 5,500 ಕೇಳಿದರು. ನಾನೇ ಫೋಟೊ ಹಾಕಿ ಆರು ದಿನ ಕಾದು 8,200ಕ್ಕೆ ಮಾರಿದೆ. ಆ ಆರು ದಿನ ಕಾಯೋಕೆ ಆಗಿದ್ದು ಕೈಯಲ್ಲಿ 20 ದಿನ ಇದ್ದಿದ್ದಕ್ಕೆ. ನಾಳೆಯೇ ಕೊನೆ ದಿನ ಆಗಿದ್ದರೆ 5,500ಕ್ಕೇ ಕೈ ಮುಗಿದು ಬರುತ್ತಿದ್ದೆ. ಹಾಗಾಗಿ ಮಾರುವ ಯೋಚನೆ ಇದ್ದರೆ ಕುತ್ತಿಗೆಗೆ ಬರುವ ತನಕ ಕೂರಬೇಡಿ.

ಆನ್‌ಲೈನ್‌ನಲ್ಲಿ ಮಾರುವಾಗ ಹುಷಾರು. ಟೈಟಾನ್ ಫೋಟೊ ಹಾಕಿದ ಹತ್ತೇ ನಿಮಿಷಕ್ಕೆ ಒಂದು ಫೋನ್ ಬಂತು. ‘ನಾನು ಸೇನೆಯಲ್ಲಿದ್ದೇನೆ, ನೋಡೋಕೆ ಬರೋಕಾಗಲ್ಲ, ಕೇಳಿದಷ್ಟು ಕೊಡ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅಂತ ಹಿಂದಿಯಲ್ಲಿ. ಚೌಕಾಸಿಯೇ ಇಲ್ಲದ ಗಿರಾಕಿ ಎಲ್ಲಿ ಸಿಗ್ತಾನೆ? ಅಲ್ಲೇ ಅನುಮಾನ ಬಂತು. ನೆನಪಿಡಿ, ದುಡ್ಡು ತಗೊಳ್ಳೋಕೆ ಕ್ಯೂಆರ್ ಸ್ಕ್ಯಾನ್ ಮಾಡೋದೂ ಬೇಡ, ಯುಪಿಐ ಪಿನ್ ಒತ್ತೋದೂ ಬೇಡ. ಪಿನ್ ಒತ್ತಿದರೆ ದುಡ್ಡು ನಿಮ್ಮ ಖಾತೆಯಿಂದಲೇ ಹೋಗುತ್ತದೆ. ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸಾಧ್ಯವಾದರೆ ಮುಖಾಮುಖಿ ಮಾರಿ. ಜನ ಓಡಾಡುವ ಕಡೆ, ಹಗಲು ಹೊತ್ತಿನಲ್ಲಿ. ದುಡ್ಡು ಬಂದಿದೆಯೋ ಅಂತ ಅವರ ಮೊಬೈಲ್ ಸ್ಕ್ರೀನ್‌ಶಾಟ್ ನೋಡಬೇಡಿ, ನಿಮ್ಮ ಖಾತೆ ನೋಡಿ. ಒಂದು ಚೀಟಿಯಲ್ಲಿ ವಾಚಿನ ಹೆಸರು, ರೇಟು, ತಾರೀಖು ಬರೆದು ಇಬ್ಬರೂ ಸಹಿ ಹಾಕಿದರೆ ಇನ್ನೂ ಒಳ್ಳೆಯದು.

ನನ್ನ ಲೆಕ್ಕ

ಹದಿನೈದು ದಿನದಲ್ಲಿ ಆದ ಮಾರಾಟ ಹೀಗಿದೆ:

• ಸೈಕೊ 5: 8,200 (ಕೊಂಡಿದ್ದು 9,000)
• ಜಿ-ಶಾಕ್: 4,000 (ಕೊಂಡಿದ್ದು 6,500)
• ಟೈಟಾನ್ ಎಡ್ಜ್: 3,600 (ಕೊಂಡಿದ್ದು 4,500)
• ಜನತಾ ಎರಡು: 3,000
• ಸೋನಾ: 1,800
• ರೀಡಯಲ್ ಪೈಲಟ್: 900
• ಓಡದ ನಾಲ್ಕು, ಬಿಡಿಭಾಗಕ್ಕೆ ಒಟ್ಟಿಗೆ: 1,200

ಒಟ್ಟು 22,700. ಇನ್ನೂ 3,300 ಬೇಕಿತ್ತು. ಉಳಿದಿದ್ದು ಐದು ದಿನ.

ನಾನು ಕೊಂಡಿದ್ದರಲ್ಲಿ ಉಳಿದ ಏಳೂ ಸಣ್ಣಪುಟ್ಟವು, ಐನೂರು ಆರುನೂರಿನವು. ಅಷ್ಟಕ್ಕೂ ಐದು ದಿನದಲ್ಲಿ ಗಿರಾಕಿ ಸಿಗೋದು ಕಷ್ಟ. ಆಗ ಕಣ್ಣು ಅಪ್ಪನ ಡಬ್ಬಿ ಕಡೆ ಹೋಯಿತು. ಅದರಲ್ಲಿ ತಕ್ಷಣ ದುಡ್ಡಾಗುವುದು ಅಂದರೆ ಕಾಂಚನ್. ಚಿನ್ನದ ಬಣ್ಣ, ವಾರ ತಾರೀಖು ಎರಡೂ ತೋರಿಸುವ, ಕೈ ಆಡಿಸಿದರೆ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್. ಒಂದು ಕಾಲದಲ್ಲಿ ಮದುವೆಯಲ್ಲಿ ಅಳಿಯನಿಗೆ ಕಾಂಚನ್ ಹಾಕೋದು ಅಂದರೆ ದೊಡ್ಡ ಮಾತು. ನಮ್ಮ ತಾತ, ಅಂದರೆ ಅಮ್ಮನ ಅಪ್ಪ, ಎಚ್‌ಎಂಟಿಯಲ್ಲೇ ಕೆಲಸ ಮಾಡುವ ಅಳಿಯನಿಗೆ ಎಚ್‌ಎಂಟಿ ಕಾಂಚನ್ನೇ ತಂದು ಹಾಕಿದ್ದರಂತೆ. ತಿಪಟೂರಿನ ಒಬ್ಬರು ಅದಕ್ಕೆ 3,500 ಕೊಡಲು ತಯಾರಿದ್ದರು.

ನಾನು ಅದರ ಮುಂದೆ ‘ಮಾರಬಾರದು’ ಅಂತ ಬರೆದಿದ್ದೆ. ಅಪ್ಪನ ಒಂಬತ್ತಕ್ಕೂ ಹಾಗೇ ಬರೆದಿದ್ದೆ, ಯೋಚನೆಯೇ ಮಾಡದೆ. ಅಮ್ಮನಿಗೆ ಹೇಳೋಕೆ ಬಾಯಿ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಮ್ಮನೇ ಕೇಳಿದರು, ‘ಎಷ್ಟು ಕಮ್ಮಿ ಬಿತ್ತು?’

ಹೇಳಿದೆ. ಕಾಂಚನ್ ವಿಷಯಾನೂ ಹೇಳಿದೆ.

ಅಮ್ಮ ಎದ್ದು ಡಬ್ಬಿ ತಂದರು. ಕಾಂಚನ್ ತೆಗೆದು ನನ್ನ ಮುಂದಿಟ್ಟರು. ‘ಇದನ್ನ ನಿಮ್ಮಪ್ಪ ಕಟ್ಟಿದ್ದು ಮದುವೆ ದಿನ, ಆಮೇಲೆ ಹಬ್ಬಕ್ಕೆ ಎಲ್ಲೋ ನಾಕು ಸಲ. ಮಾವ ಕೊಟ್ಟಿದ್ದು, ಗೀರು ಬೀಳ್ತದೆ ಅಂತ ಬೀರುವಿನಲ್ಲೇ ಇಟ್ಟಿದ್ರು. ತಾತ ಕೊಟ್ಟಿದ್ದು ಮೊಮ್ಮಗಳ ಫೀಸಿಗೆ ಆದ್ರೆ ಏನಾಯ್ತು ಕಣೋ, ಕೊಡು’ ಅಂದರು.

ಆಮೇಲೆ ಡಬ್ಬಿಯ ತಳದಿಂದ ಇನ್ನೊಂದನ್ನು ತೆಗೆದರು. ಸೆಲ್ ಹಾಕುವ, ಪ್ಲಾಸ್ಟಿಕ್ ಪಟ್ಟಿಯ, ಗ್ಲಾಸು ಬಿರುಕು ಬಿಟ್ಟ ಒಂದು ವಾಚು. ನಾನು ಪಟ್ಟಿಯಲ್ಲಿ ಅದಕ್ಕೆ ರೇಟೇ ಬರೆದಿರಲಿಲ್ಲ. ರಿಪೇರಿಯವರು ‘ನೂರೈವತ್ತು ಬಂದ್ರೆ ಹೆಚ್ಚು’ ಅಂದಿದ್ದರು. ‘ಇದನ್ನ ಮಾತ್ರ ಯಾರಿಗೂ ಕೊಡಬೇಡ’ ಅಂದರು ಅಮ್ಮ. ‘ಹಾಸಿಗೆ ಹಿಡಿದ ಮೇಲೂ ಇದನ್ನೇ ಕಟ್ಟು ಅಂತಿದ್ರು. ಎಡಗೈ ಏಳ್ತಿರ್ಲಿಲ್ಲ, ಬಲಗೈಗೆ ನಾನೇ ಕಟ್ತಿದ್ದೆ.’

ಅದು ನನಗೆ ಗೊತ್ತಿರಲಿಲ್ಲ. ಆಗ ನಾನು ಬೆಳಗ್ಗೆಯಿಂದ ರಾತ್ರಿವರೆಗೆ ಹೊರಗೇ ಇರುತ್ತಿದ್ದೆ.

ಇದರಿಂದ ಒಂದು ವಿಷಯ ಸೇರಿಸಬೇಕು ಅನ್ನಿಸಿತು. ಮಾರುವ ಪಟ್ಟಿ ಮಾಡುವಾಗ ಮಾರ್ಕೆಟ್ ರೇಟನ್ನು ನೀವೊಬ್ಬರೇ ಬರೆಯಬಹುದು. ಆದರೆ ಯಾವುದನ್ನು ಇಟ್ಟುಕೊಳ್ಳಬೇಕು ಅನ್ನೋ ಸಾಲನ್ನು ಮನೆಯವರನ್ನು ಕೂರಿಸಿಕೊಂಡು ಬರೆಯಿರಿ. ನೀವು ಕಣ್ಣಿಗೊತ್ತಿಕೊಂಡದ್ದು ಅವರಿಗೆ ಏನೂ ಅಲ್ಲದಿರಬಹುದು. ನೀವು ಗುಜರಿಗೆ ಹಾಕಬೇಕು ಅಂದುಕೊಂಡದ್ದೇ ಅವರಿಗೆ ಎಲ್ಲಕ್ಕಿಂತ ಹೆಚ್ಚಿನದಾಗಿರಬಹುದು.

ಕೊನೆಗೆ, ಸಾಲು ಹೀಗಿರಲಿ

ಮೊದಲು: ಮತ್ತೆ ಸುಲಭವಾಗಿ ಸಿಗುವಂಥದ್ದು, ಬೇಗ ಗಿರಾಕಿ ಸಿಗುವಂಥದ್ದು.
ಎರಡನೆಯದು: ಒಂದೇ ಥರದ್ದು ಎರಡು ಮೂರು ಇದ್ದರೆ, ಹೆಚ್ಚಿನದ್ದು.
ಮೂರನೆಯದು: ಅಸಲಿ ಅಲ್ಲ ಅಂತ ಖಾತ್ರಿ ಆಗಿದ್ದು, ಆ ವಿಷಯ ಹೇಳಿಯೇ.
ನಾಲ್ಕನೆಯದು: ಓಡದವು, ಒಟ್ಟಿಗೆ ಸೇರಿಸಿ.
ಐದನೆಯದು: ಬೆಲೆ ಇದ್ದೂ ಮನೆಯಲ್ಲಿ ಯಾರೂ ಕಟ್ಟದ್ದು, ಮನೆಯವರೆಲ್ಲ ಒಪ್ಪಿದರೆ ಮಾತ್ರ.
ಮಾರಲೇಬಾರದ್ದು: ಮನೆಯಲ್ಲಿ ಒಬ್ಬರಾದರೂ ‘ಬೇಡ’ ಅಂದದ್ದು.

ತಿಪಟೂರಿನವರು ಎರಡು ದಿನ ಬಿಟ್ಟು ಬಂದರು. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕಾಂಚನ್ ನೋಡಿದರು, ಕಿವಿ ಹತ್ತಿರ ಹಿಡಿದು ಕೇಳಿದರು, 3,500 ಹಾಕಿದರು. ಕೈಗೆ ಕಟ್ಟಿಕೊಂಡೇ ಬಸ್ ಹತ್ತಿದರು.

ಒಟ್ಟು 26,200 ಆಯಿತು. ಫೀಸು ಕಟ್ಟಿ ರಸೀದಿಯನ್ನು ತಂಗಿಗೆ ವಾಟ್ಸಾಪ್ ಮಾಡಿದೆ. ಉಳಿದ 200ರಲ್ಲಿ ಅಪ್ಪನ ಪ್ಲಾಸ್ಟಿಕ್ ಪಟ್ಟಿಯ ವಾಚಿಗೆ ಹೊಸ ಸೆಲ್ಲು, ಹೊಸ ಗ್ಲಾಸು ಹಾಕಿಸಿದೆ. ಅಂಗಡಿಯವರು, ‘ವಾಚಿಗಿಂತ ಇದರ ಖರ್ಚೇ ಜಾಸ್ತಿಯಾಯ್ತಲ್ಲಪ್ಪ’ ಅಂದರು. ಓಡುತ್ತಿದೆ. ಡಬ್ಬಿಯಲ್ಲಿ ಈಗ 14 ವಾಚಿವೆ, ಹದಿನೈದನೆಯದು ನನ್ನ ಕೈಯಲ್ಲಿದೆ.